ಕಲಿತದ್ದನ್ನು ಬಚ್ಚಿಡಬೇಕೇ?

‘ಧೈರ್ಯ ತಂದುಕೊಳ್ಳಿ’ ಎಂಬುದರಷ್ಟು ಅಗ್ಗದ ಉಪದೇಶ ನಮ್ಮಲ್ಲಿ ಇನ್ನೊಂದಿಲ್ಲ. ಕೊಡುವವರಿಗೆ ಖರ್ಚಿಲ್ಲ, ತೆಗೆದುಕೊಳ್ಳುವವರಿಗೆ ಉಪಯೋಗವಿಲ್ಲ. ಅಂಗವಿಕಲ ಮಗುವಿನ ತಾಯಿಗೆ ‘ಇಂಥ ದಿನ ಮಂಡಳಿಯ ಮುಂದೆ ಮಗುವನ್ನು ಹಾಜರುಪಡಿಸತಕ್ಕದ್ದು’ ಎಂಬ ಕಾಗದ ಬಂದರೆ ಸಾಕು, ನೆಂಟರು, ನೆರೆಮನೆಯವರು, ಕೊನೆಗೆ ಕಚೇರಿಯ ಬಾಗಿಲಲ್ಲಿ ನಿಂತವನೂ ಇದೇ ಮಾತು ಹೇಳುತ್ತಾರೆ. ಆ ಕಾಗದ ಬರೆದವರಿಗೆ ಮಾತ್ರ ಯಾರೂ ಏನೂ ಹೇಳುವುದಿಲ್ಲ. ಅವರಿಗೂ ಒಂದೆರಡು ಮಾತು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ನಾನು ವೈದ್ಯಳಲ್ಲ, ವಕೀಲಳೂ ಅಲ್ಲ. ಬಿ.ಎ., ಬಿ.ಎಡ್. ಓದಿದ ಸಾಮಾನ್ಯ ಅಧ್ಯಾಪಕಿ. ಬೈಂದೂರು, ಕುಂದಾಪುರ, ಬ್ರಹ್ಮಾವರದ ಆಸುಪಾಸಿನ ಶಾಲೆಗಳಲ್ಲೇ ನನ್ನ ಸರ್ವೀಸು ಸವೆದಿದೆ. ನಮ್ಮ ಈ ಸೀಮೆಯಲ್ಲಿ ಅಂಗವಿಕಲತೆಯ ಮಾತು ಬಂದರೆ ಎಂಡೋಸಲ್ಫಾನಿನ ಮಾತು ಬಾರದೆ ಇರದು. ಗೇರಿನ ಚಿಗುರು ಒಣಗಿಸುವ ‘ಟೀ ಸೊಳ್ಳೆ’ ಎಂಬ ಕೀಟವನ್ನು ಕೊಲ್ಲಲೆಂದು ಕರಾವಳಿಯ ಸರಕಾರಿ ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ವಿಷ ಅದು. ನಮ್ಮ ಪಕ್ಕದ ಕಾಸರಗೋಡಿನಲ್ಲಿ ಅಂಗವಿಕಲ ಕರುಗಳು ಹುಟ್ಟುತ್ತಿವೆಯೆಂದು ಪತ್ರಕರ್ತ ಶ್ರೀ ಪಡ್ರೆಯವರು ಬಹಳ ಹಿಂದೆಯೇ ಬರೆದಿದ್ದರು. ಕೃಷಿ ಇಲಾಖೆಯಲ್ಲಿದ್ದ ಲೀಲಾಕುಮಾರಿ ಅಮ್ಮ ಎಂಬ ಮಹಿಳೆ 1998ರಲ್ಲಿ ಕೋರ್ಟಿನ ಮೆಟ್ಟಿಲೇರಿ ಸಿಂಪಡಣೆಗೆ ತಡೆ ತಂದರು. ಸುಪ್ರೀಂ ಕೋರ್ಟು ದೇಶಕ್ಕೆಲ್ಲ ಅದನ್ನು ನಿಷೇಧಿಸಿದ್ದು 2011ರ ಮೇ 13ರಂದು. ವಿಷ ಹಾಕಲು ಯಾರ ಒಪ್ಪಿಗೆಯೂ ಬೇಕಾಗಿರಲಿಲ್ಲ. ಅದರ ಪರಿಹಾರ ಕೇಳಲು ಮಾತ್ರ ಕಾಗದದ ಮೇಲೆ ಕಾಗದ ಬೇಕು.

ಈ ಪರಿಹಾರದ ಲೆಕ್ಕವನ್ನು ನಮ್ಮ ಓದುಗ ಸೋದರಿಯರು ಒಮ್ಮೆ ತಿಳಿದುಕೊಳ್ಳಬೇಕು. ಸಾಮಾನ್ಯ ಅಂಗವಿಕಲ ಮಾಸಾಶನಕ್ಕೆ ಕನಿಷ್ಠ ಶೇಕಡ 40ರಷ್ಟು ನ್ಯೂನತೆ ಇರಬೇಕು. ನಮ್ಮ ರಾಜ್ಯದ ಎಂಡೋಸಲ್ಫಾನ್ ಮಾಸಾಶನ ಶೇಕಡ 25ರಿಂದ ಆರಂಭವಾಗುತ್ತದೆ. ಶೇಕಡ 60 ಮುಟ್ಟಿದರೆ ಮೊತ್ತ ಇಮ್ಮಡಿ. ಬುದ್ಧಿ ಬೆಳವಣಿಗೆಯ ಕೊರತೆಗೆ ಸರಕಾರದ ಮಾರ್ಗಸೂಚಿಯಲ್ಲಿ ಮೆಟ್ಟಿಲುಗಳಿವೆ: ಅಲ್ಪವಾದರೆ ಶೇಕಡ 50, ಮಧ್ಯಮವಾದರೆ 75, ತೀವ್ರವಾದರೆ 90. ಅಂದರೆ ಅಲ್ಪಕ್ಕೂ ಮಧ್ಯಮಕ್ಕೂ ನಡುವೆ ಆ 60ರ ಗೆರೆ ಹಾದುಹೋಗುತ್ತದೆ. ಮಗು ಯಾವ ಮೆಟ್ಟಿಲಲ್ಲಿದೆ ಎಂದು ತಿಳಿಯಲು ಕೇಳುವುದು ದಿನನಿತ್ಯದ ಸಂಗತಿಗಳನ್ನೇ. ತಾನೇ ಉಣ್ಣುತ್ತಾನೆಯೇ, ಬಟ್ಟೆ ಹಾಕಿಕೊಳ್ಳುತ್ತಾನೆಯೇ, ಒಬ್ಬನೇ ಹೊರಗೆ ಹೋಗಿಬರುತ್ತಾನೆಯೇ?

ಬೈಂದೂರು ಕಡೆಯ ಒಬ್ಬ ತಾಯಿಯ ಮಗನಿಗೆ ಮೊದಲು ಶೇಕಡ 75 ಎಂದು ಬರೆದಿದ್ದರು. ಅವಧಿ ಮುಗಿದು ಮತ್ತೆ ತೋರಿಸಿದಾಗ ಅದು 50 ಆಯಿತು. ಹಣವೂ ಅರ್ಧಕ್ಕೆ ಇಳಿಯಿತು. ಆಕೆ ಮೇಲ್ಮನವಿ ಹಾಕಿದಳು. ವಿಚಾರಣೆಯ ದಿನ ಗೊತ್ತಾದ ಮೇಲೆ ಊಟ ಸೇರಲಿಲ್ಲ, ರಾತ್ರಿ ಕಣ್ಣು ಮುಚ್ಚಲಿಲ್ಲ. ಒಂದು ಸಂಜೆ ಶಾಲೆಗೆ ಬಂದು ನನ್ನನ್ನು ಕೇಳಿದಳು: “ಟೀಚರೇ, ನೀವ್ ಅವನಿಗೆ ಅಂಗಿ ಗುಂಡಿ ಹಾಕೂಕೆ ಕಲ್ಸಿದ್ರಿ ಅಲ್ದಾ? ಅಲ್ಲಿ ಕೇಂಡ್ರೆ ನಾ ಎಂತ ಹೇಳೂದ್? ಹಾಕ್ತ ಅಂದ್ರೆ ದುಡ್ಡ್ ಹೋತ್ತ್, ಹಾಕೂದಿಲ್ಲ ಅಂದ್ರೆ ಸುಳ್ಳಾತ್ತ್.”

ಆ ಗುಂಡಿ ಹಾಕುವುದನ್ನು ಕಲಿಸಲು ನನಗೆ ಒಂದೂವರೆ ವರ್ಷ ಹಿಡಿದಿತ್ತು. ಮೊದಲು ದೊಡ್ಡ ಗುಂಡಿ, ಅಗಲದ ಕಾಜ, ಆಮೇಲೆ ಸಣ್ಣದು. ಅವನು ಮೊದಲ ಸಲ ತಾನೇ ಹಾಕಿಕೊಂಡ ದಿನ ತರಗತಿಯ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದ್ದರು. ಅದೇ ಚಪ್ಪಾಳೆ ಈಗ ಆ ಮನೆಯ ಅಕ್ಕಿಗೆ ಸಂಚಕಾರವಾಗುವುದಾದರೆ, ಇಂಥ ವ್ಯವಸ್ಥೆಗೆ ಏನೆನ್ನಬೇಕು? ಒಂದು ಕೈಯಿಂದ ಸರಕಾರ ನಮಗೆ ‘ಈ ಮಕ್ಕಳಿಗೆ ಸ್ವಾವಲಂಬನೆ ಕಲಿಸಿ’ ಎಂದು ತರಬೇತಿ ಕೊಡುತ್ತದೆ. ಇನ್ನೊಂದು ಕೈಯಿಂದ ಕಲಿತ ಮಗುವಿನ ಹಣ ಕಡಿಯುತ್ತದೆ. ಹೆತ್ತ ತಾಯಿ ಮಗನನ್ನು ಎದುರಿಗೆ ಕೂರಿಸಿಕೊಂಡು, ಅವನಿಗೆ ಏನೇನು ಬರುವುದಿಲ್ಲ ಎಂದು ಅಪರಿಚಿತರ ಮುಂದೆ ಒಂದೊಂದಾಗಿ ಒಪ್ಪಿಸಬೇಕು. ಅವನಿಗೆ ಮಾತು ಬಾರದಿರಬಹುದು, ಆದರೆ ಕಿವಿ ಕೇಳುತ್ತದೆ. ಆಕೆಯ ನಿದ್ದೆ ಕೆಡಿಸಿದ್ದು ಇದು. ಇದನ್ನು ಹೆಂಗಸರ ಪುಕ್ಕಲುತನ ಎನ್ನುವವರು ಒಂದು ದಿನ ಆಕೆಯ ಜಾಗದಲ್ಲಿ ಕೂತು ನೋಡಲಿ.

‘ಸುಳ್ಳು ಸರ್ಟಿಫಿಕೇಟಿನವರು ಬೇಕಾದಷ್ಟಿದ್ದಾರೆ, ಪರೀಕ್ಷೆ ಬೇಡವೇ?’ ಎಂದು ಸ್ಟಾಫ್ ರೂಮಿನಲ್ಲಿ ನನ್ನ ಸಹೋದ್ಯೋಗಿಗಳೇ ವಾದಿಸುತ್ತಾರೆ. ಬೇಕು. ಸುಳ್ಳು ಹೇಳಿ ಸವಲತ್ತು ಪಡೆದವರಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲೇ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡವಿದೆ. ಕಳ್ಳನಿಗೆ ಆ ಕಲಮು ಸಾಕು. ನಡೆಯಲಾರದ ಮಗುವನ್ನು ಸೊಂಟದಲ್ಲಿ ಹೊತ್ತು ಬೆಳಗಿನ ಮೊದಲ ಬಸ್ಸಿಗೆ ಹೊರಟವಳನ್ನು ಕಳ್ಳಿಯಂತೆ ಕಾಣಲು ಯಾವ ಕಲಮೂ ಹೇಳಿಲ್ಲ. ಮತ್ತೆ ಆ ಮೊತ್ತವಾದರೂ ಎಷ್ಟು? ಶೇಕಡ 80 ದಾಟಿದ ಬಡವರಿಗೆ ಕೇಂದ್ರ ಸರಕಾರ 2012ರಲ್ಲಿ ನಿಗದಿ ಮಾಡಿದ ಪಾಲು ತಿಂಗಳಿಗೆ 300 ರೂಪಾಯಿ!

ಇನ್ನು ಕೆಲವರು, ಹಳ್ಳಿಯ ಹೆಂಗಸರಿಗೆ ತಿಳಿವಳಿಕೆ ಸಾಲದು, ಅದಕ್ಕೇ ಹೆದರುತ್ತಾರೆ ಎನ್ನುತ್ತಾರೆ. ಓದುಬರಹದಲ್ಲಿ ಹಿಂದಿಲ್ಲದ ಇಂಗ್ಲೆಂಡಿನಲ್ಲೂ ಅಂಗವಿಕಲ ಭತ್ಯೆಯ ವಿಚಾರಣೆಗೆ ಮುನ್ನ ಜನ ಹೀಗೆಯೇ ನಿದ್ದೆಗೆಡುತ್ತಾರೆ. ಅಲ್ಲಿ ನ್ಯಾಯಮಂಡಳಿಯವರೆಗೆ ಹೋಗಿ ವಾದಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ವರ್ಷ ವರ್ಷವೂ ಗೆದ್ದಿದ್ದಾರೆ. ಅಂದರೆ ಮೊದಲು ಅಳೆದವರೇ ಅಷ್ಟೊಂದು ಸಲ ತಪ್ಪು ಅಳೆದಿದ್ದರು. ನಮ್ಮ ಹತ್ತಿರದ್ದೇ ನೋಡಿ. ಕಾಸರಗೋಡಿನ ಸಂತ್ರಸ್ತರಿಗೆ ತಲಾ ಐದು ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಆಜ್ಞೆ ಮಾಡಿತು. ಕೊಟ್ಟ ಗಡುವು ಮೂರು ತಿಂಗಳು. ಐದು ವರ್ಷ ಕಳೆದು 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ವಿಚಾರಿಸಿದಾಗ 3,704 ಜನರಲ್ಲಿ ಹಣ ಸಿಕ್ಕಿದ್ದು ಎಂಟೇ ಜನರಿಗೆ, ಅದೂ ಕೋರ್ಟಿಗೆ ಬಂದವರಿಗೆ. ಇಷ್ಟು ಕಂಡ ಮೇಲೂ ಹೆದರದಿದ್ದರೆ ಅದನ್ನು ತಿಳಿವಳಿಕೆ ಎನ್ನಲಾದೀತೇ?

ಹಾಗಾದರೆ ಆ ಹೆದರಿಕೆಯನ್ನು ಏನು ಮಾಡುವುದು? ಕೊಲ್ಲೂರು ದೇವಿಗೆ ಹರಕೆ ಹೇಳಿಕೊಳ್ಳಿ, ಆನೆಗುಡ್ಡೆ ಗಣಪತಿಗೆ ಕಾಯಿ ಒಡೆಸಿ, ನನ್ನದೇನೂ ತಕರಾರಿಲ್ಲ. ಮನಸ್ಸಿಗೆ ಒಂದು ಆಸರೆ ಬೇಕು. ಆದರೆ ದೇವಸ್ಥಾನದಿಂದ ಮರಳುವಾಗ ಜೆರಾಕ್ಸ್ ಅಂಗಡಿಗೂ ಹೋಗಿ ಬನ್ನಿ. ಹಳೆಯ ಸರ್ಟಿಫಿಕೇಟು, ಔಷಧದ ಚೀಟಿ, ಆಸ್ಪತ್ರೆಯ ಕಾಗದ, ಶಾಲೆಯ ವರದಿ ಎಲ್ಲದಕ್ಕೂ ಎರಡು ಪ್ರತಿ ಮಾಡಿಸಿ, ತಾರೀಕಿನ ಪ್ರಕಾರ ಜೋಡಿಸಿ. ಕೈಯಲ್ಲಿ ಕಡತವಿದ್ದರೆ ನಾಲಿಗೆ ತಡವರಿಸುವುದು ಕಡಿಮೆ.

ಆ ತಾಯಿಗೆ ನಾನು ಹೇಳಿದ್ದು ಇಷ್ಟೇ: “ಸುಳ್ಳೂ ಹೇಳಬೇಡಿ, ಅರ್ಧ ಸತ್ಯವನ್ನೂ ಹೇಳಬೇಡಿ.” ‘ಗುಂಡಿ ಹಾಕುತ್ತಾನೆ’ ಎಂಬುದು ಅರ್ಧ ಸತ್ಯ. ಪೂರ್ತಿ ಸತ್ಯ ಯಾವುದು? ಇಪ್ಪತ್ತು ನಿಮಿಷ ಬೇಕು, ಒಬ್ಬರು ಎದುರಿಗೆ ನಿಂತು ಹೇಳುತ್ತಿರಬೇಕು, ವಾರದಲ್ಲಿ ಮೂರು ದಿನ ಅದೂ ಆಗುವುದಿಲ್ಲ, ಹಾಕಿದ್ದನ್ನು ಎಲ್ಲಿ ಬೇಕೆಂದರಲ್ಲಿ ಬಿಚ್ಚಿಯೂ ಬಿಡುತ್ತಾನೆ. ಇದನ್ನು ಒಂದು ವಾರ ನೋಟ್ ಪುಸ್ತಕದಲ್ಲಿ ಬರೆದಿಡಿ. ಉಣ್ಣುವುದು, ಮೀಯುವುದು, ಮಲಗುವುದು, ರಾತ್ರಿ ಎಷ್ಟು ಸಲ ಏಳುತ್ತಾನೆ, ಆಗ ಏಳುವವರು ಯಾರು, ಎಲ್ಲವನ್ನೂ. ಬರೆಯಲು ಬಾರದಿದ್ದರೆ ಮನೆಯಲ್ಲಿ ಶಾಲೆಗೆ ಹೋಗುವ ಹೆಣ್ಣುಮಗು ಬರೆಯಲಿ. ಮಂಡಳಿಯ ಮುಂದೆ ನೆನಪು ಕೈಕೊಟ್ಟರೂ ಪುಸ್ತಕ ಕೈಕೊಡುವುದಿಲ್ಲ.

ಒಬ್ಬರೇ ಹೋಗಬೇಡಿ. ಗ್ರಾಮ ಪಂಚಾಯತಿನಲ್ಲಿ ಅಂಗವಿಕಲರಿಗಾಗಿಯೇ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅವರನ್ನು ಕೇಳಿ. ಮಹಿಳೆಯರಿಗೆ, ಮಕ್ಕಳಿಗೆ, ಅಂಗವಿಕಲರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಕೊಡಬೇಕೆಂದು 1987ರ ಕಾಯಿದೆ ಹೇಳುತ್ತದೆ. ಅದನ್ನು ಕೊಡುವ ತಾಲೂಕು ಕಾನೂನು ಸೇವಾ ಸಮಿತಿ ಕೋರ್ಟಿನ ಆವರಣದಲ್ಲೇ ಇರುತ್ತದೆ. ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ ಕೊಡಬೇಕು. ಬಾಯಿಮಾತು ಕೇಳಿ ಎದ್ದು ಬರಬೇಡಿ. ಕೊಟ್ಟ ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ ಹೋಗುವುದು 2016ರ ಕಾಯಿದೆಯ 59ನೆಯ ಕಲಮು ಕೊಟ್ಟ ಹಕ್ಕು. ಅದು ಯಾರೋ ದಯಪಾಲಿಸಿದ ಭಿಕ್ಷೆಯಲ್ಲ.

ಇದಿಷ್ಟು ನಮ್ಮ ಪಾಲಿನ ಕೆಲಸ. ಮಂಡಳಿಗಳ ಪಾಲಿನದೂ ಇದೆ. ಬದಲಾಗಲಾರದ ನ್ಯೂನತೆಗೆ ಕಾಯಂ ಸರ್ಟಿಫಿಕೇಟು ಕೊಡಲು ನಿಯಮದಲ್ಲೇ ಅವಕಾಶವಿದೆ. ಹಾಗಿರುವಾಗ ಅಂಥ ಮಕ್ಕಳನ್ನು ಮತ್ತೆ ಮತ್ತೆ ಕರೆಸುವುದೇಕೆ? ಬೈಂದೂರಿನಿಂದ ಜಿಲ್ಲಾ ಕೇಂದ್ರಕ್ಕೆ ಹತ್ತಿರ ಹತ್ತಿರ ಎಪ್ಪತ್ತು ಕಿಲೋಮೀಟರು. ತಾಲೂಕಿನಲ್ಲೇ ಕೂತು ನೋಡಬಾರದೇ? ಎಲ್ಲರನ್ನೂ ಒಂದೇ ಹೊತ್ತಿಗೆ ಕರೆಸಿ ಸಂಜೆಯವರೆಗೆ ಕಾಯಿಸುವ ಬದಲು ಒಬ್ಬೊಬ್ಬರಿಗೆ ಒಂದು ಹೊತ್ತು ಗೊತ್ತುಮಾಡಬಾರದೇ? ಮಗುವಿನ ಕೊರತೆಯನ್ನು ಸರದಿಯಲ್ಲಿ ನಿಂತವರೆಲ್ಲರ ಎದುರು ಕೇಳದೆ, ಬಾಗಿಲು ಹಾಕಿ ಕೇಳಲು ಏನು ಖರ್ಚು? ಎಲ್ಲಕ್ಕಿಂತ ಮುಖ್ಯವಾಗಿ, ಮಗು ಏನು ಮಾಡುತ್ತದೆ ಎಂದು ಕೇಳಿದ ಮೇಲೆ, ಅದನ್ನು ಮಾಡಿಸಲು ತಾಯಿ ಏನು ಮಾಡುತ್ತಾಳೆ ಎಂಬ ಎರಡನೆಯ ಪ್ರಶ್ನೆಯನ್ನೂ ಕೇಳಲಿ. ಆ ಉತ್ತರವನ್ನೂ ಬರೆದುಕೊಳ್ಳಲಿ.

ಅಷ್ಟಾದರೆ ನಮ್ಮ ಹೆಂಗಸರಿಗೆ ಯಾರೂ ಧೈರ್ಯ ಹೇಳಬೇಕಾಗಿಲ್ಲ. ಮಗು ನಡೆಯಲಿಲ್ಲ, ಮಾತಾಡಲಿಲ್ಲ ಎಂದು ತಿಳಿದ ದಿನದಿಂದಲೂ ಅವರು ಬದುಕುತ್ತಿರುವುದು ಧೈರ್ಯದಿಂದಲೇ. ನಾನಂತೂ ನಿವೃತ್ತಿಯ ದಿನದವರೆಗೂ ಈ ಮಕ್ಕಳಿಗೆ ಗುಂಡಿ ಹಾಕುವುದನ್ನು ಕಲಿಸುವವಳೇ. ಕಲಿತದ್ದನ್ನು ಬಚ್ಚಿಡಿ ಎಂದು ಯಾವ ತಾಯಿಗೂ ಹೇಳಲಾರೆ.