ಬೀಳುವ ಹಲ್ಲೆಂದು ಬೇಗ ಕೀಳಿಸಬೇಡಿ

ಮೈಸೂರಿನ ಅಪ್ಪ ಅಮ್ಮಂದಿರಲ್ಲಿ, ಮೊಮ್ಮಕ್ಕಳನ್ನು ಸಾಕುತ್ತಿರುವ ಅಜ್ಜ ಅಜ್ಜಿಯರಲ್ಲಿ ಒಂದು ಕಳಕಳಿಯ ಮನವಿ.

ಮಗು ರಾತ್ರಿಯಿಡೀ ಹಲ್ಲುನೋವೆಂದು ಅತ್ತರೆ, ಬೆಳಿಗ್ಗೆ ದಂತವೈದ್ಯರ ಮುಂದೆ ಕೂತು ನಾವು ಹೇಳುವ ಮಾತು ಒಂದೇ: “ಹೆಂಗಿದ್ರೂ ಬೀಳೋ ಹಲ್ಲಲ್ವಾ, ಕಿತ್ತಾಕ್ಬಿಡಿ ಡಾಕ್ಟ್ರೇ.” ಬೀಳುವುದು ನಿಜ, ಆದರೆ ಅದಕ್ಕೂ ಕಾಲವಿದೆ. 20 ಹಾಲುಹಲ್ಲುಗಳಲ್ಲಿ ಮುಂದಿನವು 6-7ನೇ ವಯಸ್ಸಿಗೆ ಬೀಳತೊಡಗುತ್ತವೆ. ಹಿಂದಿನ ದವಡೆಹಲ್ಲುಗಳು 10-12 ವರ್ಷದವರೆಗೂ ಇರಬೇಕು. ಅವನ್ನು 5ನೇ ವಯಸ್ಸಿಗೇ ಕೀಳಿಸಿದರೆ ಅಗಿಯಲು ಕಷ್ಟ. ಜೊತೆಗೆ, 6ನೇ ವಯಸ್ಸಿನ ಆಸುಪಾಸಿನಲ್ಲಿ ಅವುಗಳ ಹಿಂದೆ ಹುಟ್ಟುವ ಶಾಶ್ವತ ದವಡೆಹಲ್ಲು ಖಾಲಿ ಜಾಗದತ್ತ ಸರಿದುಬಿಡಬಹುದು. ಆಗ ಕೆಳಗೆ ಬೆಳೆಯುತ್ತಿರುವ ಹಲ್ಲಿಗೆ ದಾರಿಯಿಲ್ಲ. ಅದು ಸೊಟ್ಟಗೆ ಬರುತ್ತದೆ, ಇಲ್ಲವೇ ಒಳಗೇ ಸಿಕ್ಕಿಕೊಳ್ಳುತ್ತದೆ.

ಆರನೇ ವಯಸ್ಸಿಗೆ ಹುಟ್ಟುವ ಆ ಶಾಶ್ವತ ದವಡೆಹಲ್ಲನ್ನೂ ಹಾಲುಹಲ್ಲೆಂದೇ ತಿಳಿದು ಹುಳುಕಾಗಲು ಬಿಡುವವರು ಬಹಳ. ಅದು ಹೋದರೆ ಮತ್ತೊಂದು ಹುಟ್ಟುವುದಿಲ್ಲ.

ಕೀಳಲೇಬೇಕಾದ ಹಲ್ಲುಗಳೂ ಇವೆ. ಸೋಂಕು ಬೇರಿನ ಆಳಕ್ಕಿಳಿದು ಪದೇಪದೇ ಕೀವು ಕಟ್ಟುತ್ತಿದ್ದರೆ ವೈದ್ಯರೇ ಹಾಗೆ ಹೇಳಬಹುದು. ಆದರೆ ಒಪ್ಪುವ ಮುನ್ನ ಎರಡು ಪ್ರಶ್ನೆ ಕೇಳಿ. ಫಿಲ್ಲಿಂಗ್, ಬೇರಿನ ಚಿಕಿತ್ಸೆ ಅಥವಾ ಕ್ಯಾಪ್‌ನಿಂದ ಉಳಿಸಲು ಆಗುತ್ತದೆಯೇ? ಕಿತ್ತರೆ ಸ್ಪೇಸ್ ಮೇಂಟೇನರ್ ಬೇಕೇ? ಈ ಸಾಧನದಲ್ಲಿ ಪಕ್ಕದ ಹಲ್ಲಿಗೆ ಸಣ್ಣ ಬಳೆ ತೊಡಿಸಿ, ಅದಕ್ಕೆ ತಂತಿಯ ಕುಣಿಕೆ ಬೆಸೆದಿರುತ್ತಾರೆ. ಹೊಸ ಹಲ್ಲು ಬರುವವರೆಗೆ ಜಾಗ ಕಾಯುವುದಷ್ಟೇ ಅದರ ಕೆಲಸ.

ನಮ್ಮೂರಲ್ಲೇ ಜೆಎಸ್‌ಎಸ್, ಫಾರೂಕಿಯಾ ದಂತ ಕಾಲೇಜುಗಳ ಆಸ್ಪತ್ರೆಗಳಿವೆ. ಮಕ್ಕಳ ದಂತ ವಿಭಾಗಕ್ಕೇ ಹೋಗಿ ತೋರಿಸಿ. ಅಂಗನವಾಡಿ, ಸರ್ಕಾರಿ ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಹುಳುಕು ಹಲ್ಲನ್ನೂ ನೋಡುತ್ತದೆ. ಅವರು ಬರೆದುಕೊಟ್ಟ ಚೀಟಿಯನ್ನು ಬ್ಯಾಗಿನಲ್ಲೇ ಉಳಿಸಬೇಡಿ.

ದಸರಾ ವಸ್ತುಪ್ರದರ್ಶನದಲ್ಲಿ ಬಾಂಬೆ ಮಿಠಾಯಿ ಕೊಡಿಸಬೇಡಿ ಎನ್ನುತ್ತಿಲ್ಲ. ತಿಂದ ಮಗುವನ್ನು ರಾತ್ರಿ ಹಲ್ಲುಜ್ಜಿಸದೆ ಮಲಗಿಸಬೇಡಿ. ಸಕ್ಕರೆ ಹಾಲಿನ ಬಾಟಲಿ ಬಾಯಲ್ಲಿಟ್ಟು ನಿದ್ದೆ ಮಾಡಿಸಬೇಡಿ. ಫ್ಲೋರೈಡ್ ಪೇಸ್ಟು ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿ ಕಾಳಿನಷ್ಟು ಸಾಕು. ಬ್ರಷ್ಷು ಮಾತ್ರ ದೊಡ್ಡವರ ಕೈಯಲ್ಲಿರಲಿ.

ನೋವು ಬರಲೆಂದು ಕಾಯಬೇಡಿ. ಮೊದಲ ಹುಟ್ಟುಹಬ್ಬದೊಳಗೆ ಒಮ್ಮೆ ದಂತವೈದ್ಯರಿಗೆ ತೋರಿಸಿ, ಆಮೇಲೂ ಆಗಾಗ ತೋರಿಸುತ್ತಿರಿ. ಹುಳುಕು ಸಣ್ಣದಿದ್ದಾಗ ಹೋದರೆ ಹಲ್ಲೂ ಉಳಿಯುತ್ತದೆ, ದುಡ್ಡೂ ಉಳಿಯುತ್ತದೆ.