ಟಿಕ್ ಹಾಕಿದ್ದು ನಾವು, ಪೂಜೆಯಿಂದ ಎದ್ದಿದ್ದು ಅವರು

ಬೆಂಗಳೂರಿನಲ್ಲಿ ಬೆಳೆದವರಿಗೆ ಪೇಪರಿನ ಆ ಪುಟ್ಟ ಚೌಕ ನೆನಪಿರುತ್ತೆ: "ನಾಳೆ ವಿದ್ಯುತ್ ವ್ಯತ್ಯಯ". ಕೆಳಗೆ ಸಣ್ಣ ಅಕ್ಷರದಲ್ಲಿ ಬಡಾವಣೆಗಳ ಹೆಸರು, ಬೆಳಿಗ್ಗೆ ಇಷ್ಟು ಗಂಟೆಯಿಂದ ಸಂಜೆ ಇಷ್ಟು ಗಂಟೆವರೆಗೆ ಅಂತ ಹೊತ್ತು. (ಇಲ್ಲೇ ಹುಟ್ಟಿ, ಪಾಡ್‌ಕಾಸ್ಟ್ ಕೇಳ್ತಾ ಕೇಳ್ತಾ ಕನ್ನಡ ಓದೋದು ಕಲೀತಿರೋರಿಗೆ: ವ್ಯತ್ಯಯ ಅಂದರೆ ಏರುಪೇರು, ಅಡ್ಡಿ. ಕರೆಂಟ್ ಹೋಗುತ್ತೆ ಅನ್ನೋದಕ್ಕೆ ಇಲಾಖೆಯ ಮರ್ಯಾದಸ್ಥ ಮಾತು.) ನಮ್ಮಮ್ಮ ಅದನ್ನು ಓದಿ ಹಿಂದಿನ ದಿನವೇ ದೋಸೆ ಹಿಟ್ಟು ರುಬ್ಬಿ, ಮೇಲಿನ ಟ್ಯಾಂಕಿಗೆ ನೀರು ಏರಿಸಿ ಇಡ್ತಿದ್ರು. ಹೇಳಿ ಹೋದ ಕರೆಂಟಿನಿಂದ ನಮ್ಮ ಮನೆಗೆ ಅಂಥ ತೊಂದರೆ ಆಗಿದ್ದೇ ಇಲ್ಲ. ಹೇಳದೆ ಹೋದಾಗ ಮಾತ್ರ ಅರ್ಧ ರುಬ್ಬಿದ ಚಟ್ನಿ ಮಿಕ್ಸಿಯೊಳಗೇ ಉಳೀತಿತ್ತು.

ಬೇ ಏರಿಯಾಗೆ ಬಂದರೆ ಇದೆಲ್ಲ ಮುಗೀತು ಅಂದುಕೊಂಡಿದ್ದೆ. 2019ರ ಅಕ್ಟೋಬರ್‌ನಲ್ಲಿ ಪಿಜಿ ಅಂಡ್ ಇ ಕಂಪನಿ ಕಾಡ್ಗಿಚ್ಚಿನ ಭಯಕ್ಕೆ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಸುಮಾರು 8 ಲಕ್ಷ ಗ್ರಾಹಕರ ಕರೆಂಟ್ ತೆಗೆಯಿತು. ಮೊದಲೇ ಹೇಳಿಯೇ ತೆಗೆಯಿತು. ಆದರೆ ಯಾರ ಮನೆಗೆ ಯಾವಾಗ ಹೋಗುತ್ತೆ ಅಂತ ನೋಡೋಕೆ ಎಲ್ಲರೂ ಒಟ್ಟಿಗೆ ನುಗ್ಗಿದಾಗ ಅವರ ವೆಬ್‌ಸೈಟೇ ಕೈಕೊಟ್ಟಿತು. ಸೂಚನೆ ಕೊಡೋದು ಒಂದು ಕೆಲಸ, ಅದು ತಲುಪಿ ಉಪಯೋಗ ಆಗೋ ಹಾಗೆ ಮಾಡೋದು ಇನ್ನೊಂದು ಕೆಲಸ.

ಇವತ್ತು ನಾನು ಜಗಳಕ್ಕೆ ಬಂದಿರೋದು ಈ ಎರಡನೇ ಕೆಲಸದ ಬಗ್ಗೆ. ನೀವು ಕ್ಲೌಡ್‌ನಲ್ಲಿ ವರ್ಚುವಲ್ ಮಷೀನ್ ಎಬ್ಬಿಸುವವರಾದರೆ ಜಗಳ ನಿಮ್ಮ ಜೊತೆಗೇ, ನನ್ನನ್ನೂ ಸೇರಿಸಿಕೊಂಡು. ಸ್ಪಾಟ್ ಅನ್ನೋ ಅಗ್ಗದ ಮಷೀನಿಗೆ ಟಿಕ್ ಹಾಕುವವರು ಯಾರೋ, ಆ ಮಷೀನ್ ಸತ್ತಾಗ ಕೆಲಸ ತಾನಾಗಿ ಎದ್ದು ಮುಂದುವರಿಯುವ ಕೋಡನ್ನೂ ಅವರೇ ಬರೀಬೇಕು. ಬರೆಯೋಕೆ ಪುರುಸೊತ್ತಿಲ್ಲ ಅಂದರೆ ಪೂರ್ತಿ ಬೆಲೆ ಕೊಡಿ. ಇದರ ನಡುವೆ ಮೂರನೇ ದಾರಿ ಇಲ್ಲ. ಇದೆ ಅಂದುಕೊಂಡರೆ ಆ ದಾರಿ ಬೆಂಗಳೂರಿನಲ್ಲಿ ಕೂತಿರೋ ಯಾರದ್ದೋ ಮೈಮೇಲೆ ಹಾದು ಹೋಗ್ತಿದೆ ಅಂತ ಅರ್ಥ.

ನಂದೇ ಕಥೆ ಹೇಳ್ತೀನಿ. ಕಂಪನಿ ಯಾವುದು, ಕ್ಲೌಡ್ ಯಾರದು ಅನ್ನೋದು ಇಲ್ಲಿ ಮುಖ್ಯ ಅಲ್ಲ. ತಪ್ಪು ನನ್ನದು. ನಮ್ಮ ತಂಡದ ಒಂದು ಮಾಡೆಲ್ ತರಬೇತಿಗೆ 18 ಗಂಟೆ ಹಿಡೀತಿತ್ತು. ಜಿಪಿಯು ಬಿಲ್ ಜಾಸ್ತಿ ಆಯ್ತು ಅಂತ ಮೇಲಿನವರು ಗೊಣಗಿದಾಗ ನಾನು ಕಾನ್ಫಿಗ್ ಫೈಲಿನಲ್ಲಿ ಒಂದು ಸಾಲು ಬದಲಾಯಿಸಿ ಮಷೀನನ್ನು ಸ್ಪಾಟ್ ಮಾಡಿದೆ. ಬಿಲ್ ಮೂರರಲ್ಲಿ ಒಂದು ಪಾಲಿಗೆ ಇಳಿಯಿತು. ಮೀಟಿಂಗಿನಲ್ಲಿ ಚಪ್ಪಾಳೆ. ಎರಡು ವಾರ ಎಲ್ಲ ಸರಿಯಾಗೇ ಇತ್ತು.

ಆಮೇಲೆ ಒಂದು ಆಗಸ್ಟ್ ತಿಂಗಳ ಗುರುವಾರ ರಾತ್ರಿ 9:40ಕ್ಕೆ, 11 ಗಂಟೆ ಓಡಿದ್ದ ಕೆಲಸ ಸತ್ತಿತು. ಇಲ್ಲಿ ಗುರುವಾರ ರಾತ್ರಿ ಅಂದರೆ ಅಲ್ಲಿ ಶುಕ್ರವಾರ ಬೆಳಿಗ್ಗೆ 10:10. ವರಮಹಾಲಕ್ಷ್ಮಿ ಹಬ್ಬ. ಆ ಹೊತ್ತಿನ ಅಲರ್ಟ್ ಬೆಂಗಳೂರು ತಂಡಕ್ಕೆ ಹೋಗಬೇಕು ಅಂತ ನಾವೇ ನಿಯಮ ಮಾಡಿಟ್ಟಿದ್ದೆವು, "ಅವರಿಗೆ ಹಗಲು ತಾನೇ" ಅಂತ. ಆ ವಾರ ಸರದಿಯಲ್ಲಿದ್ದ ಸಹೋದ್ಯೋಗಿ ಕಲಶದ ಮುಂದಿನಿಂದ ಎದ್ದು ಬಂದು ಲ್ಯಾಪ್‌ಟಾಪ್ ತೆಗೆದು ಕೆಲಸವನ್ನು ಸೊನ್ನೆಯಿಂದ ಶುರು ಮಾಡಿದರು. ಮಧ್ಯಾಹ್ನ ಮತ್ತೆ ಸತ್ತಿತು. ಅರಿಶಿನ ಕುಂಕುಮಕ್ಕೆ ಜನ ಬರೋ ಸಂಜೆ ಹೊತ್ತಿಗೆ ಇನ್ನೊಂದು ಸಲ. ಮೂರು ಸಲವೂ ಅವರೇ ಎಬ್ಬಿಸಿದರು. ನಾನು ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಕಾಫಿ ಹಿಡಿದು ಸ್ಲಾಕ್ ತೆಗೆದಾಗ ಒಂದೇ ಸಾಲು: "ಪರವಾಗಿಲ್ಲ ಬಿಡಿ, ಮತ್ತೆ ಹಾಕಿದ್ದೀನಿ. ಹಬ್ಬದ ಶುಭಾಶಯ."

"ಪರವಾಗಿಲ್ಲ ಬಿಡಿ" ಅನ್ನೋ ಮಾತು ನಮಗೆಲ್ಲ ಗೊತ್ತಿರೋದೇ. ಪರವಾಗಿದೆ ಅಂತಲೇ ಅದರ ಅರ್ಥ.

ಈಗ ಸ್ವಲ್ಪ ಒಳಗಿನ ವಿಷಯ. ಕ್ಲೌಡ್ ಮಷೀನ್ ಅಂದರೆ ಎಲ್ಲೋ ಒಂದು ಗೋದಾಮಿನಲ್ಲಿರೋ ನಿಜವಾದ ಕಂಪ್ಯೂಟರಿನ ಒಂದು ಪಾಲು. ಆ ಕಂಪ್ಯೂಟರಿಗೂ ರಿಪೇರಿ ಬೇಕು, ಸೆಕ್ಯುರಿಟಿ ಪ್ಯಾಚ್ ಬೇಕು. ಆಗ ನಿಮ್ಮ ಪಾಲನ್ನು ಏನು ಮಾಡಬೇಕು? ಗೂಗಲ್ ಕಂಪ್ಯೂಟ್ ಎಂಜಿನ್‌ನಲ್ಲಿ ಇದಕ್ಕೊಂದು ಸೆಟ್ಟಿಂಗ್ ಇದೆ: ಮೈಗ್ರೇಟ್ ಅಥವಾ ಟರ್ಮಿನೇಟ್. ಪಕ್ಕದಲ್ಲೇ ಇನ್ನೊಂದು: ಸತ್ತರೆ ತಾನಾಗಿ ಮತ್ತೆ ಎದ್ದೇಳಬೇಕಾ, ಬೇಡವಾ. ನೀವು ಏನೂ ಮುಟ್ಟದೆ ಮಾಮೂಲಿ ಮಷೀನ್ ತೆಗೆದುಕೊಂಡರೆ ಉತ್ತರ ಮೈಗ್ರೇಟ್ ಮತ್ತು ಎದ್ದೇಳು.

ಮೈಗ್ರೇಟ್ ಅನ್ನೋದು ನಿಜವಾಗಲೂ ಚೆಂದದ ಎಂಜಿನಿಯರಿಂಗ್. ಪಂಕ್ತಿ ಊಟ ನಡೀತಿರುವಾಗಲೇ ಛತ್ರ ಬದಲಾಯಿಸಿದ ಹಾಗೆ. ಎಲೆ, ಮಣೆ, ಕೂತವರು ಎಲ್ಲ ಪಕ್ಕದ ಛತ್ರಕ್ಕೆ ಹೋಗಿರ್ತಾರೆ, ಆದರೆ ಸಾರು ಬಡಿಸೋದು ನಿಂತಿರಲ್ಲ. ಮಷೀನ್ ಓಡುತ್ತಿರುವಾಗಲೇ ಅದರ ಮೆಮೊರಿಯನ್ನು ಇನ್ನೊಂದು ಕಂಪ್ಯೂಟರಿಗೆ ನಕಲು ಮಾಡ್ತಾರೆ, ಆ ನಡುವೆ ಬದಲಾದ ಪುಟಗಳನ್ನು ಮತ್ತೆ ಮತ್ತೆ ಕಳಿಸ್ತಾರೆ, ಕೊನೆಗೆ ಕ್ಷಣಮಾತ್ರ ನಿಲ್ಲಿಸಿ ಅಲ್ಲಿ ಶುರು ಮಾಡ್ತಾರೆ. 2005ರಲ್ಲೇ ಕೇಂಬ್ರಿಡ್ಜ್ ಮತ್ತು ಕೋಪನ್‌ಹೇಗನ್ ವಿಶ್ವವಿದ್ಯಾಲಯಗಳ ಸಂಶೋಧಕರು ಜನ ಆಡುತ್ತಿದ್ದ ಕ್ವೇಕ್ 3 ಆಟದ ಸರ್ವರನ್ನೇ ಹೀಗೆ ಸಾಗಿಸಿದ್ದರು. ಆಟ ನಿಂತಿದ್ದು ಸುಮಾರು 60 ಮಿಲಿಸೆಕೆಂಡ್. ಇದಿಲ್ಲದ ಕಡೆ ಏನಾಗುತ್ತಿತ್ತು ಅನ್ನೋದಕ್ಕೆ 2014ರ ಸೆಪ್ಟೆಂಬರ್ ಸಾಕ್ಷಿ. ಝೆನ್ ಅನ್ನೋ ತಂತ್ರಾಂಶದಲ್ಲಿ ಒಂದು ತೂತು ಸಿಕ್ಕಿ ಅಮೆಜಾನ್ ತನ್ನ ಇಸಿ2 ಮಷೀನುಗಳಲ್ಲಿ ಶೇ. 10ಕ್ಕಿಂತ ಕಡಿಮೆ ಪಾಲನ್ನು ಕೆಲವೇ ದಿನಗಳಲ್ಲಿ ರೀಬೂಟ್ ಮಾಡಬೇಕಾಯಿತು.

ಈ ಚೆಂದವೇ ನಮ್ಮನ್ನು ಸೋಮಾರಿ ಮಾಡಿದೆ ಅನ್ನೋದು ನನ್ನ ತಕರಾರು. ಮಷೀನ್ ಸಾಯಲ್ಲ ಅನ್ನೋ ನಂಬಿಕೆ ಬೆರಳಿಗೆ ಅಂಟಿಕೊಂಡಿದೆ. ಅದೇ ಬೆರಳಿನಿಂದ ಸ್ಪಾಟ್ ಒತ್ತುತ್ತೇವೆ. ಒತ್ತಿದ ತಕ್ಷಣ ಆ ಎರಡೂ ಸೆಟ್ಟಿಂಗ್ ತಿರುಗಿ ಬೀಳುತ್ತೆ: ಮೈಗ್ರೇಟ್ ಇಲ್ಲ, ತಾನಾಗಿ ಎದ್ದೇಳೋದೂ ಇಲ್ಲ. ಜಿಪಿಯು ಹಾಕಿದ ಮಷೀನ್ ಪೂರ್ತಿ ಬೆಲೆ ಕೊಟ್ಟರೂ ಮೈಗ್ರೇಟ್ ಆಗಲ್ಲ, ಅದಕ್ಕೆ ಟರ್ಮಿನೇಟ್ ಒಂದೇ ಗತಿ. ಆದರೆ 60 ನಿಮಿಷ ಮೊದಲು ಸೂಚನೆ ಸಿಗುತ್ತೆ. (ಎಚ್-1ಬಿ ಮೇಲಿದ್ದು ಕೆಲಸ ಕಳಕೊಂಡರೆ ಹೆಚ್ಚೆಂದರೆ 60 ದಿನ, ಜಿಪಿಯುಗೆ 60 ನಿಮಿಷ. ನಮ್ಮ ಸ್ಥಿತಿ ಪರವಾಗಿಲ್ಲ ಅಂತ ಲಂಚ್ ಟೇಬಲ್ಲಿನಲ್ಲಿ ನಗ್ತಾ ಇರ್ತೀವಿ.) ಸ್ಪಾಟ್‌ಗೆ ಗೂಗಲ್‌ನಲ್ಲಿ ಸಾಮಾನ್ಯವಾಗಿ 30 ಸೆಕೆಂಡ್, ಅಮೆಜಾನ್‌ನಲ್ಲಿ 2 ನಿಮಿಷ. ಅಮೆಜಾನ್ ಸ್ಪಾಟ್ ಶುರು ಮಾಡಿದ್ದು 2009ರಲ್ಲಿ, ಆ ಎರಡು ನಿಮಿಷದ ಸೂಚನೆ ಬಂದಿದ್ದು 2015ರಲ್ಲಿ.

ಇದರಲ್ಲಿ ಕ್ಲೌಡ್ ಕಂಪನಿಗಳ ಮೋಸ ಏನೂ ಇಲ್ಲ. ಯಾರೂ ಬಳಸದೆ ಉಳಿದಿದ್ದನ್ನು ಅಗ್ಗಕ್ಕೆ ಕೊಡ್ತಾರೆ, ಪೂರ್ತಿ ದುಡ್ಡು ಕೊಡೋ ಗಿರಾಕಿ ಬಂದರೆ ಕಿತ್ತುಕೊಳ್ತಾರೆ. ಹಾಗಂತ ಬರೆದೇ ಕೊಟ್ಟಿರ್ತಾರೆ. ಶೇ. 90ರವರೆಗೂ ರಿಯಾಯಿತಿ ಅನ್ನೋದಷ್ಟೇ ನಮ್ಮ ಕಣ್ಣಿಗೆ ಬೀಳೋದು.

ನಾನು ಡೇಟಾ ಸೈಂಟಿಸ್ಟ್. ಲೆಕ್ಕವೇ ನನ್ನ ಹೊಟ್ಟೆಪಾಡು. ಆ ಸಾಲು ಬದಲಾಯಿಸೋ ಮೊದಲು ನಾನು ಮಾಡದೇ ಇದ್ದ ಲೆಕ್ಕ ಇಷ್ಟೇ: ಮಷೀನ್ ಸರಾಸರಿ 8 ಗಂಟೆಗೊಮ್ಮೆ ಯಾವಾಗಲೋ ಒಂದು ಹೊತ್ತಿನಲ್ಲಿ ಕಿತ್ತುಹೋಗುತ್ತೆ ಅಂತಿಟ್ಟುಕೊಳ್ಳಿ. 18 ಗಂಟೆಯ ಕೆಲಸ ಒಂದೇ ಉಸಿರಿಗೆ ಮುಗಿಯೋ ಸಾಧ್ಯತೆ ಸುಮಾರು ಹತ್ತರಲ್ಲಿ ಒಂದು. ಮಿಕ್ಕ ಒಂಬತ್ತು ಸಲ ಯಾರೋ ಎದ್ದು ಬರಬೇಕು. ಮೊದಲ ಎರಡು ವಾರ ನಮ್ಮ ಅದೃಷ್ಟ ಚೆನ್ನಾಗಿತ್ತು, ಅಷ್ಟೇ.

"ಸರಿ, 30 ಸೆಕೆಂಡ್ ಇದೆಯಲ್ಲ, ಅಷ್ಟರಲ್ಲಿ ಸೇವ್ ಮಾಡಿದರಾಯ್ತು" ಅಂತೀರಾ? ಅದನ್ನೂ ಲೆಕ್ಕ ಹಾಕೋಣ. 700 ಕೋಟಿ ಪ್ಯಾರಾಮೀಟರಿನ ಮಾಡೆಲ್. ಆಡಮ್ ಆಪ್ಟಿಮೈಸರ್ ಜೊತೆ 32 ಬಿಟ್‌ನಲ್ಲಿ ಉಳಿಸಬೇಕಂದರೆ ಪ್ರತಿ ಪ್ಯಾರಾಮೀಟರಿಗೆ 12 ಬೈಟ್, ಒಟ್ಟು 84 ಜಿಬಿ. ಸೆಕೆಂಡಿಗೆ 1 ಜಿಬಿ ಬರೆದರೂ 84 ಸೆಕೆಂಡ್ ಬೇಕು. ನಿಮಗಿರೋದು 30. ಕೊನೆಗಳಿಗೆಯ ಸೂಚನೆ ನಂಬಿ ಕೂರೋದು, ಕರೆಂಟ್ ಹೋದಾಗ ಮಿಕ್ಸಿ ಇನ್ನೂ ಎರಡು ಸುತ್ತು ಸುತ್ತುತ್ತಲ್ಲ, ಅಷ್ಟರಲ್ಲಿ ಚಟ್ನಿ ಮುಗಿಸ್ತೀನಿ ಅಂದ ಹಾಗೆ. ನಡುನಡುವೆ ಉಳಿಸ್ತಾ ಹೋಗಬೇಕು. ಎಷ್ಟು ಹೊತ್ತಿಗೊಮ್ಮೆ ಅನ್ನೋದಕ್ಕೆ ಜಾನ್ ಯಂಗ್ ಅನ್ನೋರು 1974ರಲ್ಲೇ ಸೂತ್ರ ಕೊಟ್ಟಿದ್ದಾರೆ: ಒಮ್ಮೆ ಉಳಿಸೋಕೆ ಹಿಡಿಯೋ ಹೊತ್ತನ್ನು ಸರಾಸರಿ ಆಯಸ್ಸಿನಿಂದ ಗುಣಿಸಿ, ಎರಡರಿಂದ ಗುಣಿಸಿ, ವರ್ಗಮೂಲ ತೆಗೆಯಿರಿ. ಉಳಿಸೋಕೆ 1 ನಿಮಿಷ, ಆಯಸ್ಸು 480 ನಿಮಿಷ ಅಂದರೆ ಸುಮಾರು 31 ನಿಮಿಷಕ್ಕೊಮ್ಮೆ. ಐವತ್ತು ವರ್ಷದ ಹಿಂದಿನ ಲೆಕ್ಕ.

ಮಾಡೆಲಿನ ವೇಯ್ಟ್ ಒಂದನ್ನೇ ಉಳಿಸಿ "ಚೆಕ್‌ಪಾಯಿಂಟ್ ಇದೆ" ಅನ್ನೋರೂ ಇದ್ದಾರೆ. ಆಪ್ಟಿಮೈಸರಿನ ಸ್ಥಿತಿ ಎಲ್ಲಿ? ಲರ್ನಿಂಗ್ ರೇಟ್ ಎಲ್ಲಿವರೆಗೆ ಬಂದಿತ್ತು? ಡೇಟಾದಲ್ಲಿ ಎಷ್ಟನೇ ಬ್ಯಾಚ್? ಅದಿಲ್ಲದೆ ಮುಂದುವರಿಸಿದರೆ ಲಾಸ್ ಗ್ರಾಫ್ ಎಗರಿ ಬೀಳೋದನ್ನು ನೋಡ್ತಾ ಕೂರಬೇಕು. ಇನ್ನು ಹಳೇ ಫೈಲಿನ ಮೇಲೇ ಹೊಸದನ್ನು ಬರೆಯುತ್ತಿರುವಾಗ ಮಷೀನ್ ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಬೇರೆ ಹೆಸರಲ್ಲಿ ಬರೆದು, ಪೂರ್ತಿ ಆದಮೇಲೆ ಹೆಸರು ಬದಲಾಯಿಸಿ. ಒಬ್ಬರಿಗೆ ಹೆಚ್ಚೆಂದರೆ ಎರಡು ದಿನದ ಕೆಲಸ ಇದು. ಆ ಎರಡು ದಿನ ಉಳಿಸೋಕೆ ನಾವು ಬೇರೆಯವರ ಹಬ್ಬ ಖರ್ಚು ಮಾಡ್ತೀವಿ.

"ಅವರಿಗೆ ಹಗಲು ತಾನೇ" ಅನ್ನೋ ಮಾತಿಗೆ ವಾಪಸ್ ಬರ್ತೀನಿ, ಯಾಕಂದರೆ ನನಗೆ ಎಲ್ಲಕ್ಕಿಂತ ಸಿಟ್ಟು ಬರೋದು ಅದರ ಮೇಲೆ. ಹೌದು, ಇಲ್ಲಿ ರಾತ್ರಿ 2 ಅಂದರೆ ಅಲ್ಲಿ ಮಧ್ಯಾಹ್ನ 2:30. ಆ ಮಧ್ಯಾಹ್ನದಲ್ಲಿ ಅವರಿಗೆ ಅವರದ್ದೇ ಕೆಲಸ ಇರುತ್ತೆ. ನಮ್ಮ ಮಷೀನ್ ಕಾಯೋದು ಅವರ ರಿವ್ಯೂನಲ್ಲಿ ಸಾಧನೆ ಅಂತ ಬರಲ್ಲ. ನನ್ನ ರಿವ್ಯೂನಲ್ಲಿ ಮಾತ್ರ ಬಿಲ್ ಉಳಿಸಿದ್ದು ಬಂತು. ಸಂಜೆ ನಮ್ಮ ಮೀಟಿಂಗಿಗೆ ರಾತ್ರಿ ಹತ್ತರವರೆಗೆ ಕೂರೋರೂ ಅವರೇ. ನವೆಂಬರ್ ಮೊದಲ ಭಾನುವಾರ ನಾವು ಗಡಿಯಾರ ಹಿಂದಕ್ಕೆ ತಿರುಗಿಸಿದಾಗ ವ್ಯತ್ಯಾಸ ಹನ್ನೆರಡೂವರೆ ಗಂಟೆಯಿಂದ ಹದಿಮೂರೂವರೆಗೆ ಹೋಗುತ್ತೆ. ಮಷೀನ್ ಏಳೋ, ಮಲಗೋ ವೇಳಾಪಟ್ಟಿಗೆ ನೀವು ಲಾಸ್ ಏಂಜಲೀಸ್ ಟೈಮ್ ಝೋನ್ ಕೊಟ್ಟಿದ್ದರೆ, ಇಲ್ಲಿ ಯಾರಿಗೂ ಏನೂ ಗೊತ್ತಾಗಲ್ಲ. ಅಲ್ಲಿ ಸಂಜೆ ಏಳಕ್ಕೆ ಮುಗೀತಿದ್ದ ಕೆಲಸ ಎಂಟಕ್ಕೆ, ಮಗುವಿಗೆ ಊಟ ಮಾಡಿಸೋ ಹೊತ್ತಿಗೆ ಹೋಗಿ ಕೂತಿರುತ್ತೆ, ಮಾರ್ಚ್ ಎರಡನೇ ಭಾನುವಾರದವರೆಗೆ. ಯಾವ ಊರಿನ ಗಡಿಯಾರ ಅನ್ನೋ ಒಂದು ಖಾನೆ ತುಂಬೋ ಮೊದಲು ನೀವು ಯಾರನ್ನಾದರೂ ಕೇಳಿದ್ದೀರಾ? ನಾನು ಕೇಳಿರಲಿಲ್ಲ.

ಈ ವಿಷಯದಲ್ಲಿ ನಾವು, ಕನ್ನಡದವರು, ಇನ್ನೂ ಹೆಚ್ಚು ನಾಚಿಕೊಳ್ಳಬೇಕು. ಆ ಕಡೆ ಇರೋರು ಯಾರೋ ಅಪರಿಚಿತರಲ್ಲ. ಜಯನಗರ, ವಿಜಯನಗರ, ಹುಬ್ಬಳ್ಳಿಯಿಂದ ಲಾಗಿನ್ ಆಗೋ ನಮ್ಮಂಥವರೇ, ಎಷ್ಟೋ ಸಲ ನಮ್ಮ ಕಾಲೇಜಿನವರೇ. ವೀಸಾ ಲಾಟರಿಯಲ್ಲಿ ಹೆಸರು ಬರದೆ ಅಲ್ಲೇ ಉಳಿದವರೂ ಇದ್ದಾರೆ. ಸನಿವೇಲ್ ಗುಡಿಯಲ್ಲಿ ಶುಕ್ರವಾರ ಸಂಜೆ ರೇಷ್ಮೆ ಸೀರೆ ಉಟ್ಟು ಹಬ್ಬ ಆಚರಿಸ್ತೀವಿ, ಅದೇ ಹಬ್ಬದ ಬೆಳಿಗ್ಗೆ ಅವರನ್ನು ಪೂಜೆಯಿಂದ ಎಬ್ಬಿಸಿರ್ತೀವಿ.

ಸ್ಟಾರ್ಟಪ್‌ನಲ್ಲಿರೋರು ಹೇಳ್ತಾರೆ, ಪೂರ್ತಿ ಬೆಲೆ ಕೊಡೋಕಾಗಲ್ಲ ಅಂತ. ಒಪ್ಪಿದೆ. ಹಾಗಾದರೆ ನಿಮಗೇ ಚೆಕ್‌ಪಾಯಿಂಟ್ ಎಲ್ಲರಿಗಿಂತ ಜಾಸ್ತಿ ಬೇಕು. ಮ್ಯಾನೇಜ್ಡ್ ಇನ್‌ಸ್ಟನ್ಸ್ ಗ್ರೂಪ್ ಒಳಗೆ ಹಾಕಿದರೆ ಸತ್ತ ಸ್ಪಾಟ್ ಮಷೀನನ್ನು, ಜಾಗ ಸಿಕ್ಕಾಗ, ಅದೇ ಮತ್ತೆ ಹುಟ್ಟಿಸುತ್ತೆ. ಮನುಷ್ಯರು ಬೇಕಾಗಿಲ್ಲ. ಆದರೆ ಹುಟ್ಟಿದ ಮಷೀನ್ ಹಳೇ ಫೈಲ್ ಹುಡುಕಿ ಅಲ್ಲಿಂದ ಶುರು ಮಾಡೋದನ್ನು ನೀವೇ ಕಲಿಸಬೇಕು.

ನಮ್ಮ ತಂಡದಲ್ಲಿ ಈಗ ಒಂದು ನಿಯಮ ಇದೆ. ಯಾರು ಸ್ಪಾಟ್ ಅಂತ ಬರೆದು ಕೋಡ್ ಕಳಿಸ್ತಾರೋ ಅವರೇ, ತಮ್ಮ ಹಗಲಿನಲ್ಲಿ, ಓಡುತ್ತಿರೋ ಕೆಲಸವನ್ನು ಮೂರು ಸಲ ಕೈಯಾರೆ ಕೊಂದು ತೋರಿಸಬೇಕು. ಅದು ತಾನಾಗಿ ಎದ್ದರೆ ಮಾತ್ರ ಒಪ್ಪಿಗೆ. ಮತ್ತೆ, ಮೊದಲ ಒಂದು ತಿಂಗಳು ಅದರ ಅಲರ್ಟ್ ಯಾವ ಹೊತ್ತಿನಲ್ಲಿ ಬಂದರೂ ಅವರ ಫೋನಿಗೇ. ಈ ಎರಡನೇ ಭಾಗಕ್ಕೆ ಸಾಕಷ್ಟು ವಿರೋಧ ಬಂತು. ನಿದ್ದೆ ಹಾಳಾಗುತ್ತೆ ಅಂದರು. ಬೆಂಗಳೂರಿನಿಂದ ಆ ಕಾಲ್‌ನಲ್ಲಿದ್ದ ಅದೇ ಸಹೋದ್ಯೋಗಿ ಮ್ಯೂಟ್ ತೆಗೆದು, "ಹೌದಾ?" ಅಂತ ಕೇಳಿದರು. ಆಮೇಲೆ ಯಾರೂ ಮಾತಾಡಲಿಲ್ಲ, ನಿಯಮ ಪಾಸಾಯ್ತು.

ನಮ್ಮ ಮೂರು ಕೆಲಸಗಳಲ್ಲಿ ಎರಡು ಈಗ ತಾವಾಗೇ ಏಳುತ್ತವೆ. ಮೂರನೆಯದರ ಟಿಕೆಟ್ ಇನ್ನೂ ನನ್ನ ಹೆಸರಿನಲ್ಲೇ ಇದೆ. ಅಲ್ಲಿವರೆಗೆ ಅದು ಪೂರ್ತಿ ಬೆಲೆಯ ಮಷೀನಿನ ಮೇಲೆ ಓಡುತ್ತಿದೆ, ಬಿಲ್ ಬಗ್ಗೆ ಪ್ರತಿ ತಿಂಗಳು ನನಗೆ ಒಂದು ಇಮೇಲ್ ಬರುತ್ತೆ.