ಹಾರಿದವರ ಕತೆ, ರಿವೆಟ್ ಹೊಡೆದವರ ಕತೆ

ಅಜ್ಜಮಾಡ ದೇವಯ್ಯನವರ ಹೆಸರು ಕೊಡಗಿನವರಿಗೆ ಮೊದಲಿಂದ ಗೊತ್ತು. ಮಿಕ್ಕ ಎಷ್ಟೋ ಜನಕ್ಕೆ 2025ರಲ್ಲಿ 'ಸ್ಕೈ ಫೋರ್ಸ್' ಅನ್ನೋ ಹಿಂದಿ ಸಿನಿಮಾ ಬಂದ ಮೇಲೇ ಕಿವಿಗೆ ಬಿದ್ದದ್ದು. ಸಿನಿಮಾ ಬಿಡಿ, ನಡೆದದ್ದು ಕೇಳಿ.

1965ರ ಸೆಪ್ಟೆಂಬರ್ 7. ಪಂಜಾಬಿನ ಆದಂಪುರದಿಂದ ನಮ್ಮ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ಮೇಲೆ ದಾಳಿಗೆ ಹೊರಟವು. ದೇವಯ್ಯ ಅವತ್ತು ಬದಲಿ ಪೈಲಟ್ ಅಷ್ಟೆ. ಒಬ್ಬರ ಜಾಗಕ್ಕೆ ಸೇರಿಕೊಂಡರು. ಎದುರಾದದ್ದು ಸ್ಟಾರ್‌ಫೈಟರ್, ಶಬ್ದಕ್ಕಿಂತ ಎರಡು ಪಟ್ಟು ವೇಗದ್ದು. ಅದರ ಮುಂದೆ ಮಿಸ್ಟೇರ್ ಎತ್ತಿನಗಾಡಿ! ಏಟು ತಿಂದ ಮೇಲೂ ದೇವಯ್ಯ ತಿರುಗಿಬಿದ್ದು ಅದನ್ನ ಕೆಡವಿದರು. ಅದರ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿಕೊಂಡರು. ದೇವಯ್ಯ ವಾಪಸ್ ಬರಲಿಲ್ಲ.

ನಮ್ಮ ಕಡೆಯವರು ಯಾರೂ ಇದನ್ನ ನೋಡಿರಲಿಲ್ಲ. ಕಡತದಲ್ಲಿ 'ಕಾಣೆ' ಅಂತಾಯ್ತು. ಪಾಕಿಸ್ತಾನ ವಾಯುಪಡೆಯ ನೆರವಿನಿಂದ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ 1979ರಲ್ಲಿ ಪುಸ್ತಕ ತಂದಾಗ ಸಂಗತಿ ಹೊರಬಿತ್ತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷ ಕಳೆದ ಮೇಲೆ. ನೆನಪನ್ನ ನಂಬೋದು ಹೇಗೆ, ಎಲ್ರೂ ಉಪ್ಪುಖಾರ ಹಚ್ತಾರೆ ಅನ್ನೋರಿದ್ದಾರೆ. ಸರಿ, ಫ್ರಿಕರ್ ಪುಸ್ತಕವೂ ಪಾಕಿಸ್ತಾನದ ಕಡೆ ವಾಲಿದ್ದು ಅಂತಲೇ ಹೆಸರು. ಅದಕ್ಕೇ ಅವರು ಒಪ್ಪಿಕೊಂಡ ತಮ್ಮ ನಷ್ಟದ ಮಾತಿಗೆ ಅಷ್ಟು ತೂಕ.

ಪೈಲಟ್‌ಗಳ ಕತೆಯೇ ಹೀಗೆ ಗಡಿ ದಾಟಿ ಬರಬೇಕಾದರೆ ನೆಲದ ಮೇಲೆ ಸ್ಪ್ಯಾನರ್ ಹಿಡಿದವರ ಪಾಡೇನು? 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುಮಾಡಿದರು. 1943ರಲ್ಲಿ ಅದು ಅಮೆರಿಕನ್ ಸೇನೆಯ ಸುಪರ್ದಿಗೆ ಹೋಗಿ ಯುದ್ಧವಿಮಾನಗಳ ರಿಪೇರಿ ಶೆಡ್ ಆಯ್ತು. ರಿಪೇರಿಗೆ ಬರುವ ಕ್ಯಾಟಲಿನಾ ವಿಮಾನಗಳು ಬೆಳ್ಳಂದೂರು ಕೆರೆ ನೀರಿನ ಮೇಲೇ ಇಳೀತಿದ್ವು (ಹೌದು, ನೊರೆ ಉಕ್ಕಿ ಟೀವಿಗೆ ಬಂದ ಅದೇ ಕೆರೆ). ಆ ಶೆಡ್ಡಿನಲ್ಲಿ ದುಡಿದವರ ಮಾತು ಕನ್ನಡದಲ್ಲಿ ಎಷ್ಟು ಉಳಿದಿದೆ ಹೇಳಿ?

ನಮ್ಮ ಸಂತೆಬಾಚಹಳ್ಳಿ ಕಡೆ ಎಚ್ಎಎಲ್ ಅಂದ್ರೆ ಫ್ಯಾಕ್ಟ್ರಿ ಕೆಲಸ, ಸೈಟು, ಪಿಂಚಣಿ. ಅಷ್ಟೇ. 1961ರಲ್ಲಿ ಮೊದಲು ಹಾರಿ 1971ರ ಯುದ್ಧಕ್ಕೂ ಹೋದ ಮಾರುತ್ ಕಟ್ಟಿದ ಹುಡುಗರಿಗೆ ಈಗ ಎಂಬತ್ತು ದಾಟಿದೆ. ಇಂಗ್ಲೆಂಡಿನ ಇಂಪೀರಿಯಲ್ ವಾರ್ ಮ್ಯೂಸಿಯಂನವರು 1970ರ ದಶಕದಲ್ಲೇ ಇಂಥ ಸಾಮಾನ್ಯರ ಮಾತನ್ನೂ ಟೇಪಿಗೆ ಹಿಡಿಯತೊಡಗಿದರು. ನಮಗೆ ಈಗ ಟೇಪೂ ಬೇಡ, ಫೋನೇ ಸಾಕು.

ನಿಮ್ಮೂರಲ್ಲೂ ಇಂಥ ತಾತಂದಿರು ಇದ್ದಾರು, ಹೋಗಿ ಮಾತಾಡ್ಸಿ. 'ದೇಶಸೇವೆ ಹೇಗನ್ನಿಸ್ತು' ಅಂತ ಮಾತ್ರ ಕೇಳ್ಬೇಡಿ, ಭಾಷಣ ಬರುತ್ತೆ. ರೆಕ್ಕೆಗೆ ರಿವೆಟ್ ಹೊಡೆಯೋಕೆ ಇಬ್ಬರು ಬೇಕಲ್ವಾ, ಒಳಗಡೆ ಕಬ್ಬಿಣ ಒತ್ತಿ ಹಿಡ್ಕೊಂಡು ಕೂರ್ತಿದ್ದೋರು ಯಾರು ತಾತ ಅಂತ ಕೇಳಿ.